ಡೀಸೆಲ್ ಪಂಪ್‌ಸೆಟ್ಟಿಗೆ ಹೊಸ ಪಿಸ್ಟನ್ ಹಾಕಿಸುವ ಮುನ್ನ

ಬೆಳೆಗೆ ನೀರು ಬೇಕಾದ ಹೊತ್ತಿಗೇ ಡೀಸೆಲ್ ಎಂಜಿನ್ ನೀಲಿ ಹೊಗೆ ಉಗುಳುತ್ತ ಆಯಿಲ್ ಕುಡಿಯತೊಡಗಿದರೆ, ಅದನ್ನು ಬಿಚ್ಚಿಸಿ ಪಿಸ್ಟನ್, ರಿಂಗು, ಲೈನರುಗಳನ್ನು ಬದಲಾಯಿಸಬೇಕಾಗುತ್ತದೆ. ಇಷ್ಟು ಖರ್ಚು ಮಾಡಿದ ಮೇಲೂ ಕೆಲವು ಎಂಜಿನ್‌ಗಳು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಕೆಲವು ಕಟಕಟ ಬಡಿಯುತ್ತವೆ. ಅಳತೆ ನೋಡದೆ ತಂದ ಪಿಸ್ಟನ್ ಇದಕ್ಕೆ ಒಂದು ಮುಖ್ಯ ಕಾರಣ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುವಾಗ ಗಾಳಿ ಒತ್ತಲ್ಪಟ್ಟು ಬಿಸಿಯಾಗುತ್ತದೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ ಕೆಳಗಿರುವಾಗ ಗಾಳಿಗಿರುವ ಜಾಗ, ಅದು ಮೇಲಿರುವಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದೇ ಸಂಪೀಡನ ಅನುಪಾತ.

ಒಂದು ಲೆಕ್ಕ ನೋಡಿ. ಬೋರು 80 ಮಿ.ಮೀ., ಸ್ಟ್ರೋಕು 110 ಮಿ.ಮೀ. ಇರುವ 5 ಅಶ್ವಶಕ್ತಿಯ ಎಂಜಿನ್‌ನಲ್ಲಿ ಪಿಸ್ಟನ್ ಸರಿದಾಡುವ ಜಾಗ ಸುಮಾರು 553 ಘನ ಸೆಂ.ಮೀ. ಅನುಪಾತ 16.5 ಆಗಿದ್ದರೆ ಮೇಲೆ ಉಳಿಯುವ ಜಾಗ 35.7 ಘನ ಸೆಂ.ಮೀ. ಮಾತ್ರ. ಈಗ ಕೇವಲ ಅರ್ಧ ಮಿ.ಮೀ. ಗಿಡ್ಡಾದ ಪಿಸ್ಟನ್ ಹಾಕಿದಿರಿ ಎನ್ನೋಣ. ಮೇಲಿನ ಜಾಗಕ್ಕೆ 2.5 ಘನ ಸೆಂ.ಮೀ. ಸೇರಿ ಅನುಪಾತ 15.5ಕ್ಕೆ ಇಳಿಯುತ್ತದೆ. ಅರ್ಧ ಮಿ.ಮೀ. ದಪ್ಪ ಹೆಚ್ಚಿರುವ ಹೆಡ್ ಗ್ಯಾಸ್ಕೆಟ್ ಹಾಕಿದರೂ ಫಲ ಅದೇ. ಒಂದು ಉಗುರಿನ ದಪ್ಪಕ್ಕೆ ಇಷ್ಟು ವ್ಯತ್ಯಾಸ! ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋಲುವುದು, ಕಣ್ಣುರಿಸುವ ಬಿಳಿ ಹೊಗೆ ಬರುವುದು ಆಗಲೇ.

ಬೋರನ್ನು ಅರ್ಧ ಮಿ.ಮೀ. ಹಿಗ್ಗಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಕಂಪ್ರೆಷನ್ ಕೆಡುತ್ತದೆಂದು ಹಲವರು ಹೆದರುತ್ತಾರೆ. ಇದರಿಂದ ಅನುಪಾತ ಹೆಚ್ಚೇನೂ ಬದಲಾಗದು. ಕೆಡಿಸುವುದು ಅಗಲವಲ್ಲ, ಎತ್ತರ ಮತ್ತು ತಲೆಯ ಗುಂಡಿ.

ಆದ್ದರಿಂದ ಅಂಗಡಿಗೆ ಹೋಗುವಾಗ ಹಳೆಯ ಪಿಸ್ಟನ್ ಜೊತೆಗಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಪಿನ್ನಿನ ತೂತಿನ ಮೇಲಂಚಿನಿಂದ ತಲೆಯವರೆಗೆ ವರ್ನಿಯರ್‌ನಲ್ಲಿ ಅಳೆಯಿರಿ. ಪಿನ್ನಿನ ತೂತಿನ ಗಾತ್ರವೂ ಒಂದೇ ಇರಬೇಕು. ತಲೆಯಲ್ಲಿ ಗುಂಡಿ ಇದ್ದರೆ, ಮಸಿ ಕೆರೆದು ತೆಗೆದ ಮೇಲೆ ಔಷಧದ ಸಿರಿಂಜಿನಿಂದ ಡೀಸೆಲ್ ತುಂಬಿ ಎರಡರಲ್ಲೂ ಎಷ್ಟೆಷ್ಟು ಹಿಡಿಯಿತೆಂದು ನೋಡಿರಿ. ಅಂಗಡಿಯವರು ಬೇಸರಪಟ್ಟರೆ ಪಡಲಿ. ಹಿಂದೊಮ್ಮೆ ರಿಪೇರಿಯಾದ ಎಂಜಿನ್ ಆದರೆ ಹಳೆಯ ಪಿಸ್ಟನ್ನೇ ತಪ್ಪಾಗಿದ್ದೀತು. ಎಂಜಿನ್ನಿನ ಕೈಪಿಡಿಯ ಅಳತೆಯೇ ಪ್ರಮಾಣ.

“ಎತ್ತರದ ಪಿಸ್ಟನ್ ಹಾಕಿದರೆ ಶಕ್ತಿ ಹೆಚ್ಚುತ್ತದೆ” ಎಂಬ ಮಾತಿಗೆ ಮರುಳಾಗಬೇಡಿ. ಪಂಪಿನ ನೀರು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಬರುತ್ತದೆ. ಆ ವೇಗವನ್ನು ಕಾಯುವುದು ಗವರ್ನರ್. ಒತ್ತಡ ಮಿತಿ ಮೀರಿದರೆ ಗ್ಯಾಸ್ಕೆಟ್ ಮತ್ತು ಬೇರಿಂಗು ಸೋಲುತ್ತವೆ. ಜಾಗ ತೀರ ಕಡಿಮೆಯಾದರೆ ಪಿಸ್ಟನ್ ಹೆಡ್ಡಿಗೇ ಬಡಿಯಬಹುದು.

ಜೋಡಿಸುವಾಗ ಮೆಕ್ಯಾನಿಕ್ ಬಳಿ ನಿಂತು ಈ ಪರೀಕ್ಷೆ ಮಾಡಿಸಿರಿ. ಮೆತ್ತನೆಯ ಸೀಸದ ತಂತಿಯ ತುಂಡುಗಳನ್ನು ಗ್ರೀಸಿನಿಂದ ಪಿಸ್ಟನ್ ತಲೆಗೆ ಅಂಟಿಸಬೇಕು. ವಾಲ್ವುಗಳ ಕೆಳಗೆ, ಗುಂಡಿಯ ಒಳಗೆ ಬೇಡ. ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ಡಿನ ನಟ್ಟುಗಳನ್ನು ಪೂರಾ ಬಿಗಿದು, ಇಂಜೆಕ್ಟರ್ ತೆಗೆದು, ಫ್ಲೈವೀಲನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಎಲ್ಲಾದರೂ ತಡೆದರೆ ಬಲ ಹಾಕಬಾರದು. ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ ಸಿಗುತ್ತದೆ. ಅದು ಕೈಪಿಡಿಯ ಅಳತೆಗಿಂತ ಹೆಚ್ಚು ಕಡಿಮೆಯಾದರೆ ಸಿಲಿಂಡರಿನ ಬುಡದ ತೆಳು ಪ್ಯಾಕಿಂಗ್‌ಗಳನ್ನು ತೆಗೆದೋ ಸೇರಿಸಿಯೋ ಸರಿಪಡಿಸಬೇಕು. ಎರಡು ಹೆಡ್ ಗ್ಯಾಸ್ಕೆಟ್ ಒಟ್ಟಿಗೆ ಹಾಕುವುದು, ಪಿಸ್ಟನ್ನಿನ ತಲೆಯನ್ನು ಲೇತಿಗೆ ಕೊಟ್ಟು ತೆಗೆಸುವುದು ಸರಿಯಲ್ಲ.

ರಿಂಗುಗಳ ಬಾಯಿಗಳು ಒಂದೇ ಸಾಲಿನಲ್ಲಿ ಬರಬಾರದು. ಮೊದಲ ಕೆಲವು ದಿನ ಎಂಜಿನ್ನಿಗೆ ಪೂರ್ತಿ ಹೊರೆ ಕೊಡದೆ ಓಡಿಸಿ, ಬಳಿಕ ಆಯಿಲ್ ಬದಲಿಸಿರಿ. ಏರ್ ಕ್ಲೀನರಿನ ಕೊಳೆತ ರಬ್ಬರ್ ಕೊಳವೆಯನ್ನೂ ಅದೇ ದಿನ ಬದಲಿಸಿರಿ. ಹಳೆಯ ಲೈನರನ್ನು ತಿಂದ ಧೂಳು ಬಹುಶಃ ಅಲ್ಲಿಂದಲೇ ಬಂದಿರುತ್ತದೆ.