ಕರೆ ಬಾರದ ತಂಡದ ಹುಡುಗನಿಗೆ

ಪುಟ್ಟಾ,

ಹ್ಯೂಸ್ಟನ್‌ನ ರೋಬೊ ಸ್ಪರ್ಧೆಯಿಂದ ಮನೆಗೆ ಬಂದ ಮೇಲೆ ನೀನು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ ಅಂತ ನಿನ್ನ ಅಮ್ಮ ಹೇಳಿದಳು. ಫೋನು ನಿನ್ನ ಕೈಗೆ ಬಂದಾಗ ನೀನು ಮೊದಲು ಹೇಳಿದ್ದು ಒಂದೇ ಮಾತು, "ತಾತ, ನಮ್ಮನ್ನ ಯಾರೂ ಕರೀಲಿಲ್ಲ." ಆ ದನಿ ಇನ್ನೂ ಕಿವಿಯಲ್ಲಿದೆ. ಅದಕ್ಕೇ ಈ ಕಾಗದ. ಕನ್ನಡ ಓದುವುದು ನಿನಗೆ ನಿಧಾನ, ಪರವಾಗಿಲ್ಲ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು. ಇಲ್ಲಿನ ಮಕ್ಕಳೂ ಓದಲಿ ಅಂತ ಒಂದು ಪ್ರತಿಯನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ಮೊದಲು ಲೆಕ್ಕ ಹಾಕೋಣ. ಫಸ್ಟ್ ರೋಬೊಟಿಕ್ಸ್‌ನ ವಿಶ್ವಮಟ್ಟದ ಚಾಂಪಿಯನ್‌ಷಿಪ್‌ಗೆ ಬರುವುದು ಸುಮಾರು 600 ಹೈಸ್ಕೂಲು ತಂಡಗಳು. ಎಂಟು ವಿಭಾಗ, ವಿಭಾಗಕ್ಕೆ ಎಂಟು ಮೈತ್ರಿಕೂಟ, ಒಂದು ಕೂಟಕ್ಕೆ ನಾಲ್ಕು ತಂಡ. ಒಟ್ಟು 256 ತಂಡಗಳಿಗೆ ಮಾತ್ರ ಮುಂದಿನ ಸುತ್ತಿಗೆ ಕರೆ ಬರುತ್ತದೆ. ಉಳಿದ ಮುನ್ನೂರನಲವತ್ತರಷ್ಟು ತಂಡಗಳು ಅಲ್ಲೇ ನಿಂತು, ಬೇರೆಯವರ ಹೆಸರು ಕೂಗುವುದನ್ನು ಕೇಳಿ, ಚಪ್ಪಾಳೆ ತಟ್ಟಿ, ರೋಬೊ ಬಿಚ್ಚಿ ಜೋಡಿಸುವ ತಮ್ಮ ಪಿಟ್ ಖಾಲಿ ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಿನ್ನ ಹಾಗೆಯೇ ಮನೆಗೆ ಹೋಗಿದ್ದಾರೆ. ಇದರಿಂದ ನಿನ್ನ ನೋವು ಹೋಗಲಿಕ್ಕಿಲ್ಲ. ಆದರೆ ಇಡೀ ಜಗತ್ತು ನಿನ್ನೊಬ್ಬನನ್ನೇ ಬಿಟ್ಟಿತು ಅನ್ನುವ ಭಾವನೆ ಇದ್ದರೆ ಅದನ್ನು ಬಿಡು.

ನಿನ್ನಕ್ಕ ಆಡಿದ್ದು 2018ರಲ್ಲಿ. ಆ ವರ್ಷ ಚಾಂಪಿಯನ್‌ಷಿಪ್ ಎರಡು ಊರಲ್ಲಿ ನಡೆಯಿತು, ಹ್ಯೂಸ್ಟನ್ ಒಂದು, ನಿಮ್ಮ ಮನೆ ಹತ್ತಿರದ ಡೆಟ್ರಾಯಿಟ್ ಇನ್ನೊಂದು. ನಾನೂ ನಿನ್ನ ಅಜ್ಜಿಯೂ ಆಗ ಅಲ್ಲೇ ಇದ್ದೆವು. ಮೈದಾನದ ನಡುವೆ ಒಂದು ದೊಡ್ಡ ತಕ್ಕಡಿ. ಹಾಲಿನ ಕ್ರೇಟಿಗೆ ಹಳದಿ ಹೊದಿಕೆ ಹಾಕಿದಂಥ ಪೆಟ್ಟಿಗೆಗಳನ್ನು ರೋಬೊ ಎತ್ತಿ ತನ್ನ ಬಣ್ಣದ ತಟ್ಟೆಗೆ ಇಡಬೇಕು, ತಟ್ಟೆ ತನ್ನ ಕಡೆ ತೂಗಿದಷ್ಟು ಹೊತ್ತು ಅಂಕ. ಸಂತೆಯಲ್ಲಿ ಕಾಳು ತೂಗುವುದನ್ನು ನೋಡಿ ಬೆಳೆದ ನಿನ್ನ ಅಜ್ಜಿಗೆ ಆಟ ತಕ್ಷಣ ಅರ್ಥವಾಯಿತು, ನನಗೇ ಎರಡು ಪಂದ್ಯ ಬೇಕಾಯಿತು.

ಎರಡೂವರೆ ನಿಮಿಷದ ಪಂದ್ಯ. ಒಂದು ಪಂದ್ಯದಲ್ಲಿ ನಲವತ್ತು ಸೆಕೆಂಡು ಕಳೆಯುವಷ್ಟರಲ್ಲಿ ಅಕ್ಕನ ರೋಬೊ ನಿಂತೇಹೋಯಿತು. ದೀಪ ಆರಿತು. ಗಾಜಿನ ಹಿಂದೆ ಅವಳು ಜಾಯ್‌ಸ್ಟಿಕ್ ಹಿಡಿದುಕೊಂಡೇ ನಿಂತಿದ್ದಳು. ಮಾಡುವುದಕ್ಕೆ ಏನೂ ಇರಲಿಲ್ಲ. ಪಿಟ್‌ಗೆ ತಂದು ಬಿಚ್ಚಿದರೆ ಸಿಕ್ಕಿದ್ದೇನು? ಬ್ಯಾಟರಿಯ ದಪ್ಪ ಕೇಬಲ್‌ನ ಲಗ್ ಹಿಡಿದಿದ್ದ ಒಂದು ನಟ್ಟು ಸಡಿಲ. ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ಆರು ಕೆಜಿ ತೂಕದ ಹನ್ನೆರಡು ವೋಲ್ಟಿನ ಬ್ಯಾಟರಿ, ಡಿಕ್ಕಿ ಹೊಡೆದಾಗಲೆಲ್ಲ ಅದು ಒಂದಿಷ್ಟು ಅಲುಗುತ್ತದೆ, ಅಲುಗಿದಾಗಲೆಲ್ಲ ನಟ್ಟು ಒಂದಿಷ್ಟು ಬಿಡುತ್ತದೆ. ಬುದ್ಧಿವಂತಿಕೆಯ ಪ್ರೋಗ್ರಾಂ ಬರೆದ ಮಕ್ಕಳು ಆ ನಟ್ಟನ್ನು ನೋಡಿರಲಿಲ್ಲ.

ಆಗ ಪಕ್ಕದ ಪಿಟ್‌ನ ಒಬ್ಬ ಹುಡುಗಿ ಬಂದಳು. ಅವರ ತಂಡಕ್ಕೇ ಇನ್ನು ಹನ್ನೆರಡು ನಿಮಿಷಕ್ಕೆ ಪಂದ್ಯ. ಆದರೂ ಬಂದಳು. ತಾನೇ ಕೈ ಹಾಕಿ ಸರಿ ಮಾಡಲಿಲ್ಲ. ಸರಿಯಾದ ಅಳತೆಯ ಸ್ಪ್ಯಾನರ್ ಅಕ್ಕನ ಕೈಗೆ ಕೊಟ್ಟಳು, ಬಗ್ಗಿ ಟಾರ್ಚ್ ಹಿಡಿದುಕೊಂಡಳು. ಬಿಗಿ ಮಾಡಿದ ಮೇಲೆ ಕೇಬಲ್ ಹಿಡಿದು ಎರಡು ಸಲ ಜೋರಾಗಿ ಎಳೆದು ನೋಡಿದಳು, ತಲೆ ಆಡಿಸಿದಳು, ಓಡಿದಳು. ಆ ನಾಲ್ಕು ದಿನದಲ್ಲಿ ನಾನು ಕಂಡ ಅತ್ಯುತ್ತಮ ಆಟ ಅದು.

ನಾನು 1971ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ನನಗೆ ಕೊಟ್ಟಿದ್ದು ಒಂದು ಕಬ್ಬಿಣದ ತುಂಡು, ಒಂದು ಅರ, ಒಂದು ಟ್ರೈಸ್ಕ್ವೇರ್. ಆರೂ ಮುಖ ಚೌಕವಾಗುವ ತನಕ ಉಜ್ಜಬೇಕು. ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ವಾರಗಟ್ಟಲೆ ಬೆಳಕು ಕಾಣುತ್ತಲೇ ಇತ್ತು. ನಮ್ಮ ಚಾರ್ಜ್‌ಮನ್ ಒಂದು ದಿನವೂ ಬೈಯಲಿಲ್ಲ, ಒಂದು ದಿನವೂ ನನ್ನ ಕೈಯಿಂದ ಅರ ಕಿತ್ತುಕೊಂಡು ತಾವೇ ಉಜ್ಜಿ ಕೊಡಲೂ ಇಲ್ಲ. ಆ ಹುಡುಗಿ ಟಾರ್ಚ್ ಹಿಡಿದಾಗ ನನಗೆ ನೆನಪಾದದ್ದು ಅವರು.

ಈಗ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಮಿಷಿಗನ್ ಅಂದ್ರೆ ಎಲ್ರೂ ಸ್ಟ್ರಾಂಗ್ ಅಂತಾರೆ, ನಾವ್ಯಾಕೆ ಹೀಗೆ?" ಅಂದೆ. ಒಂದು ಸೀಮೆಯ ತಂಡಗಳು ಬಲವಾಗುವುದು ಹೇಗೆ ಅಂತ ನಾನೂ ಈ ವರ್ಷಗಳಲ್ಲಿ ಯೋಚಿಸಿದ್ದೇನೆ, ನಿಮ್ಮ ಮೆಂಟರುಗಳನ್ನು ಕೇಳಿ ತಿಳಿದುಕೊಂಡಿದ್ದೇನೆ. 2018ರಲ್ಲಿ ಡೆಟ್ರಾಯಿಟ್‌ನಲ್ಲಿ ಗೆದ್ದ ಕೂಟದ ನಾಲ್ಕು ತಂಡಗಳಲ್ಲಿ ಎರಡು ಮಿಷಿಗನ್ನಿನವು, ಕಲಮಜೂ ಊರಿನದೊಂದು, ಕ್ಲಾರ್ಕ್‌ಸ್ಟನ್‌ನದೊಂದು. ಮೂರನೆಯದು ಕೆನಡಾದ ಕಿಂಗ್‌ಸ್ಟನ್‌ನಿಂದ ಬಂದದ್ದು. ಮರುವರ್ಷ ಅಲ್ಲೇ ಗೆದ್ದ ಕೂಟದಲ್ಲಿ ಮಿಷಿಗನ್ನಿನ ತಂಡಗಳ ಜತೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನ ಮಕ್ಕಳಿದ್ದರು. ಅದೇ 2019ರಲ್ಲಿ ಹ್ಯೂಸ್ಟನ್‌ನಲ್ಲಿ ಗೆದ್ದ ನಾಲ್ಕೂ ತಂಡ ಕ್ಯಾಲಿಫೋರ್ನಿಯಾದವು. 2013ರಲ್ಲಿ ಕೂಟಕ್ಕೆ ಮೂರೇ ತಂಡ, ಗೆದ್ದ ಆ ಮೂರರಲ್ಲಿ ಎರಡು ಟೊರಾಂಟೊ ಸುತ್ತಮುತ್ತಲಿನವು. ಇಂಥ ಪಟ್ಟಿ ನೋಡಿದರೆ ಆ ಊರಿನ ನೀರಿನಲ್ಲೇ ಏನೋ ಇದೆ ಅನ್ನಿಸುತ್ತದೆ. ನೀರಿನಲ್ಲಿ ಏನೂ ಇಲ್ಲ.

ಮಿಷಿಗನ್ 2009ರಲ್ಲಿ ಪದ್ಧತಿಯನ್ನೇ ಬದಲಾಯಿಸಿತು. ಅದಕ್ಕೆ ಮೊದಲು ತಂಡವೊಂದು ದೊಡ್ಡ ದುಡ್ಡು ಕೊಟ್ಟು ಒಂದು ದೊಡ್ಡ ಪ್ರಾದೇಶಿಕ ಸ್ಪರ್ಧೆಗೆ ಹೋಗಬೇಕಿತ್ತು, ಅಲ್ಲಿ ಸೋತರೆ ವರ್ಷವೇ ಮುಗಿಯಿತು. ಬದಲಾದ ಮೇಲೆ ಹತ್ತಿರದ ಶಾಲೆಗಳ ಜಿಮ್ನಾಸಿಯಂಗಳಲ್ಲೇ ಸಣ್ಣ ಸ್ಪರ್ಧೆಗಳು, ಪ್ರತಿ ತಂಡಕ್ಕೂ ಎರಡು ಅವಕಾಶ, ಒಂದೊಂದರಲ್ಲೂ ಹನ್ನೆರಡು ಪಂದ್ಯ. ಮೊದಲ ಸ್ಪರ್ಧೆಯಲ್ಲಿ ಮುರಿದದ್ದನ್ನು ಎರಡನೆಯದಕ್ಕೆ ಸರಿ ಮಾಡಿಕೊಂಡು ಬರಬಹುದು. ಈಗ ಆ ಒಂದು ರಾಜ್ಯದಲ್ಲೇ 500ಕ್ಕೂ ಹೆಚ್ಚು ತಂಡಗಳಿವೆ. ಹೆಚ್ಚು ಮಕ್ಕಳಿಗೆ ಹೆಚ್ಚು ಸಲ ಸೋಲಲು, ಹೆಚ್ಚು ಸಲ ಸರಿಪಡಿಸಿಕೊಳ್ಳಲು ಜಾಗ ಸಿಕ್ಕಿತು. ನನ್ನ ಕಬ್ಬಿಣದ ತುಂಡಿಗೂ ಸಿಕ್ಕಿದ್ದು ಅದೇ.

ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಆ ಪದ್ಧತಿ ಇರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಬೇರೆ. ಸ್ಯಾನ್ ಹೊಸೆಯ 254ನೇ ತಂಡ ತಾನು ಬರೆದ ಪ್ರೋಗ್ರಾಮನ್ನು ಎಲ್ಲರೂ ನೋಡುವಂತೆ ತೆರೆದಿಡುತ್ತದೆ. ಡೇವಿಸ್ ಊರಿನ 1678ನೇ ತಂಡ ಸುತ್ತಲಿನ ತಂಡಗಳನ್ನು ಕರೆದು ಕಾರ್ಯಾಗಾರ ನಡೆಸುತ್ತದೆ. ತನ್ನನ್ನು ಸೋಲಿಸಬಹುದಾದವರಿಗೇ ಕಲಿಸುತ್ತದೆ. ಮಡೇರಾ ಅನ್ನುವ ಊರಿದೆ, ಬಾದಾಮಿ, ದ್ರಾಕ್ಷಿ ಬೆಳೆಯುವ ಕೃಷಿಯ ಊರು. ನಮ್ಮ ಚಿಕ್ಕಬಳ್ಳಾಪುರ ಅಂದುಕೋ. ಆ ಊರಿನ ತಂಡ 2019ರಲ್ಲೂ 2023ರಲ್ಲೂ ಗೆದ್ದ ಕೂಟದಲ್ಲಿತ್ತು. ದೊಡ್ಡ ಕಂಪನಿಗಳ ನೆರಳಿನಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲ.

ಇದೇ ಮಾತನ್ನು ಕರ್ನಾಟಕದ ಮಕ್ಕಳಿಗೂ ಹೇಳಬೇಕು. ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ತಂಡಗಳಿಗೆ ರೋಬೊಕಾನ್ ಅಂತ ಒಂದು ಸ್ಪರ್ಧೆ ಇದೆ, 2002ರಲ್ಲಿ ಟೋಕಿಯೊದಲ್ಲಿ ಶುರುವಾದದ್ದು. 2003ರಲ್ಲಿ ಬ್ಯಾಂಕಾಕ್‌ನಲ್ಲಿ ಅದನ್ನು ಗೆದ್ದದ್ದು ಈಶಾನ್ಯ ಥಾಯ್ಲೆಂಡಿನ ಸವಾಂಗ್ ಡೇನ್ ಡಿನ್ ಅನ್ನುವ ಊರಿನ ಒಂದು ವೃತ್ತಿಶಿಕ್ಷಣ ಕಾಲೇಜು. ಹೆಸರಾಂತ ವಿಶ್ವವಿದ್ಯಾಲಯವಲ್ಲ, ನಮ್ಮ ಐಟಿಐ ತರಹದ್ದು. ಫಿಟ್ಟರ್ ಆಗಿದ್ದ ನನಗೆ ಇದು ಎಷ್ಟು ಹೆಮ್ಮೆಯ ಸುದ್ದಿ ಅಂತ ಬರೆದು ತಿಳಿಸಲಾರೆ. ಅದೇ ರೋಬೊಕಾನ್ 2022ರಲ್ಲಿ ದೆಹಲಿಯಲ್ಲಿ ನಡೆದಾಗ ಆಟದ ವಿಷಯವೇ ಲಗೋರಿ! ನಾವು ಚಪ್ಪಟೆ ಕಲ್ಲು ಪೇರಿಸಿ, ಬಟ್ಟೆ ಚೆಂಡಿನಲ್ಲಿ ಹೊಡೆದು, ಬೆನ್ನಿಗೆ ಏಟು ತಿಂದು ಆಡಿದ ಲಗೋರಿಯನ್ನು ರೋಬೊಗಳು ಆಡಿದವು. ಊರಿನ ಬೀದಿಯ ಆಟವನ್ನು ಯಂತ್ರಕ್ಕೆ ಕಲಿಸುವುದು ನಮ್ಮ ಮಕ್ಕಳಿಗೆ ಅಸಾಧ್ಯವೇ? ಎಷ್ಟೋ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ಅದರ ಬೀಗದ ಕೈ ಮಕ್ಕಳಿಗೆ ಸಿಗಲಿ. ಸಾಮಾನು ಹಾಳಾದೀತು ಅಂತ ಬೀರುವಿನಲ್ಲಿ ಮುಚ್ಚಿಟ್ಟರೆ ಹಾಳಾಗುವುದು ಮಕ್ಕಳ ವಯಸ್ಸು.

ನಿನಗೆ ಇನ್ನು ಎರಡು ಮೂರು ಮಾತು. ಕೂಟಕ್ಕೆ ತಂಡ ಆರಿಸುವವರು ನಿಮ್ಮ ಅತ್ಯುತ್ತಮ ಪಂದ್ಯವನ್ನು ನೋಡಿ ಆರಿಸುವುದಿಲ್ಲ. ಮೇಲೆ ಗ್ಯಾಲರಿಯಲ್ಲಿ ಆರು ಮಕ್ಕಳು ಕೂತು, ಮೈದಾನದ ಆರು ರೋಬೊಗಳನ್ನು ತಲೆಗೊಂದರಂತೆ ನೋಡುತ್ತ, ಪ್ರತಿ ಪಂದ್ಯವನ್ನೂ ಬರೆದುಕೊಳ್ಳುತ್ತಾರೆ. ಹತ್ತು ಪಂದ್ಯದಲ್ಲಿ ಎಷ್ಟು ಸಲ ನಿಂತುಹೋಯಿತು ಅನ್ನುವುದು ಅವರ ಹಾಳೆಯಲ್ಲಿ ಇರುತ್ತದೆ. ಈ ಸಲ ನಿಮ್ಮದು ಮೂರು ಸಲ ನಿಂತಿತಂತೆ. ಎತ್ತರಕ್ಕೆ ಎಸೆಯುವ ಹೊಸ ತೋಳು ಮುಂದಿನ ವರ್ಷಕ್ಕೆ ಇರಲಿ, ಮೊದಲು ಆ ಮೂರಕ್ಕೂ ಕಾರಣ ಹುಡುಕಿ ಒಂದು ಪುಸ್ತಕದಲ್ಲಿ ಬರೆದಿಡಿ. ದಿನಾಂಕ ಹಾಕಿ, ಯಾರು ಬಿಗಿ ಮಾಡಿದರು ಅಂತ ಹೆಸರು ಹಾಕಿ. ಯಾರನ್ನೂ ಹಿಡಿದು ಬೈಯುವುದಕ್ಕಲ್ಲ, ಮುಂದಿನ ವರ್ಷ ಬರುವ ಹೊಸ ಮಗು ಓದಲಿ ಅಂತ.

ಅಪ್ಪ ಅಮ್ಮಂದಿರಿಗೆ ಒಂದು ವಿನಂತಿ, ಇದನ್ನು ನಿನ್ನ ಅಪ್ಪನಿಗೂ ಓದಿ ಹೇಳು. ಇಂಜಿನಿಯರ್ ಅಪ್ಪ ಸಂಜೆ ಹೋಗಿ ತಾನೇ ಗೇರ್‌ಬಾಕ್ಸ್ ಜೋಡಿಸಿ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಅದು ಮಗುವಿನ ಕೈಯಿಂದ ಅರ ಕಿತ್ತುಕೊಂಡಂತೆ. ಕಾಲೇಜು ಅರ್ಜಿಯಲ್ಲಿ ಬರೆಯಲು ಒಂದು ಸಾಲು ಸಿಗುತ್ತದೆ, ಕೈಗೆ ಏನೂ ಬರುವುದಿಲ್ಲ.

1992ರಲ್ಲಿ ಡೀನ್ ಕೇಮನ್ ನೀವು ಆಡುವ ಈ ಫಸ್ಟ್ ಆಟ ಶುರು ಮಾಡಿದಾಗ ನ್ಯೂ ಹ್ಯಾಂಪ್‌ಶೈರಿನ ಒಂದು ಹೈಸ್ಕೂಲಿನ ಜಿಮ್ಮಿನಲ್ಲಿ 28 ತಂಡ ಇದ್ದವು. ಅವರ ಜತೆ ಇದ್ದ ಎಂಐಟಿಯ ಮೇಷ್ಟ್ರು ವುಡಿ ಫ್ಲವರ್ಸ್, ಜೀವ ಬಿಟ್ಟು ಆಡಿ ಆದರೆ ಎದುರಾಳಿಯ ಮೇಲಿನ ಮರ್ಯಾದೆ ಬಿಡಬೇಡಿ ಅಂತ ಮಕ್ಕಳಿಗೆ ಹೇಳುತ್ತ ಬಂದರು. ಅವರು 2019ರಲ್ಲಿ ತೀರಿಕೊಂಡರು. ಅವರ ಮಾತು ಪಿಟ್‌ನಲ್ಲಿ ಇನ್ನೂ ನಡೆಯುತ್ತಿದೆ. ಯಾರಿಗೋ ಒಂದು ಮೋಟರ್ ಬೇಕು ಅಂತ ಮೈಕಿನಲ್ಲಿ ಕೂಗಿದರೆ ಐದು ನಿಮಿಷದಲ್ಲಿ ಮೂರು ಮೋಟರ್ ಬಂದು ನಿಲ್ಲುತ್ತವೆ.

ಅಂದ ಹಾಗೆ, ಹ್ಯೂಸ್ಟನ್‌ನಲ್ಲಿ ಎರಡನೇ ದಿನ ಪಕ್ಕದ ಪಿಟ್‌ನವರ ಹತ್ತಿರ ಕ್ರಿಂಪಿಂಗ್ ಟೂಲ್ ಕೇಳಿ ತಂದಿದ್ದೆವು, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅದು ನಮ್ಮ ಪೆಟ್ಟಿಗೆಯಲ್ಲೇ ಬಂದುಬಿಟ್ಟಿದೆ ಅಂದೆಯಲ್ಲ. ಇವತ್ತೇ ಅವರ ತಂಡದ ನಂಬರ್ ಹುಡುಕು. ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ನಿಮ್ಮ ತಂಡದ ಎಲ್ಲರ ಸಹಿ ಇರುವ ಒಂದು ಚೀಟಿ ಇಟ್ಟು, ಈ ಶನಿವಾರದೊಳಗೆ ಅಂಚೆಗೆ ಹಾಕು.

ನಿನ್ನ ತಾತ