ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ



ಹಸು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಎರಡು ಹೊತ್ತು ಹಾಲು ಕರೆದು ನೋಡಿದ ಮೇಲೆಯೇ ಹಣ ಎಣಿಸುತ್ತೇವೆ. ಆದರೆ ಜಮೀನನ್ನು ಮಕ್ಕಳ ಹೆಸರಿಗೆ ಬರೆದುಕೊಡುವ ದಿನ ಪತ್ರವನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿಬಿಡುತ್ತೇವೆ. ಈ ಸಂಚಿಕೆಯ ಪಾಠ ಅದನ್ನು ಕುರಿತದ್ದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಯಸ್ಸಾದ ದಂಪತಿಗೆ ಎರಡು ಎಕರೆ ಸ್ವಯಾರ್ಜಿತ ಜಮೀನು, ಮೂರು ಹಸು. ಹಿರಿಯ ಮಗ ಕೊಟ್ಟಿಗೆ ನೋಡಿಕೊಳ್ಳುತ್ತಾನೆ. ಕಿರಿಯ ಮಗ ಹುಟ್ಟಿನಿಂದ ಬುದ್ಧಿಮಾಂದ್ಯ. "ತಮ್ಮನನ್ನು ಅಣ್ಣ ನೋಡಿಕೊಳ್ಳುತ್ತಾನೆ" ಎಂಬ ನಂಬಿಕೆಯಿಂದ ಎಲ್ಲವನ್ನೂ ಹಿರಿಯನಿಗೆ ದಾನ ಕೊಡಲು ಹೊರಟಿದ್ದಾರೆ. ಅವರು ತಿಳಿಯಬೇಕಾದುದೇನು?

1. ದಾನಪತ್ರವೇ, ಉಯಿಲೇ?

ದಾನಪತ್ರ ನೋಂದಣಿಯಾದೊಡನೆ ಜಮೀನು ಮಗನದು. ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಉಯಿಲು ಹಾಗಲ್ಲ. ಬರೆದವರು ಬದುಕಿರುವವರೆಗೆ ಆಸ್ತಿ ಅವರದೇ. ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ.

ಪಿತ್ರಾರ್ಜಿತ ಜಮೀನಾದರೆ ವಿಚಾರ ಬೇರೆ. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲಿದೆ. ತಂದೆಯೊಬ್ಬರೇ ಪೂರ್ತಿ ಬರೆದುಕೊಡಲಾಗದು.

2. ದಾನ ಕೊಡಲೇಬೇಕಾದರೆ ಷರತ್ತು ಬರೆಸಿ

ಹಿರಿಯ ನಾಗರಿಕರ ಪಾಲನೆ ಪೋಷಣೆಯ 2007ರ ಕಾಯ್ದೆಯ 23ನೇ ಕಲಮು ನಿಮ್ಮ ರಕ್ಷಣೆಗೆ ಇದೆ. ಊಟ, ವಸತಿ, ಔಷಧಿ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ತಪ್ಪಿದರೆ, ಆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇದ್ದುದನ್ನು ತೋರಿಸಲೇಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಅರ್ಥೈಸಬೇಕೆಂದು ಹೇಳಿ, ತಾಯಿಯೊಬ್ಬರ ದಾನಪತ್ರವನ್ನು ರದ್ದುಪಡಿಸಿತು. ಬಾಯಿಮಾತಿಗೆ ಬಿಡದೆ ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ದೂರನ್ನು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಕೊಡಬೇಕು. ಮಕ್ಕಳಿಂದ ಜೀವನಾಂಶವನ್ನೂ ಅಲ್ಲಿಯೇ ಕೇಳಬಹುದು.

3. ಅಂಗವಿಕಲ ಮಗುವಿನ ಪಾಲು

ಅಂಗವೈಕಲ್ಯದ ಕಾರಣಕ್ಕೆ ಯಾರಿಗೂ ಪಿತ್ರಾರ್ಜಿತದ ಹಕ್ಕು ತಪ್ಪುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಿರುವಾಗ ಆ ಮಗನ ಹೆಸರನ್ನು ಕೈಬಿಡುವುದೇಕೆ? ಅವನ ಪಾಲನ್ನು ಉಯಿಲಿನ ಮೂಲಕ ಅಥವಾ ನೋಂದಾಯಿತ ಪತ್ರದ ಮೂಲಕ ಟ್ರಸ್ಟಿಗೆ ಬಿಡಬಹುದು. ನಂಬಿಕಸ್ಥರಾದ ಇಬ್ಬರು ಮೂವರು ಜಮೀನು ನೋಡಿಕೊಂಡು, ಬಂದ ಆದಾಯವನ್ನು ಅವನಿಗಾಗಿಯೇ ಖರ್ಚು ಮಾಡುತ್ತಾರೆ. ಆ ಜಮೀನನ್ನು ಅಣ್ಣ ತನ್ನ ಸಾಲಕ್ಕೆ ಅಡವಿಡಲಾಗದು.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಕಾನೂನಿನ ಪೋಷಕರಲ್ಲ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಹೀಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಆಮೇಲೆ ಪ್ರತಿವರ್ಷ ಲೆಕ್ಕ ಕೊಡಬೇಕು. ನೀವು ಗಟ್ಟಿಯಾಗಿರುವಾಗಲೇ ಅರ್ಜಿ ಹಾಕಿ.

4. ಈ ತಿಂಗಳೇ ಮಾಡಬೇಕಾದುದು

• ಸಂಘದ ಷೇರು, ಬ್ಯಾಂಕ್ ಖಾತೆ, ವಿಮೆಗೆ ನಾಮನಿರ್ದೇಶನ ಆಗಿದೆಯೇ ನೋಡಿ. ನಾಮನಿರ್ದೇಶಿತರು ಹಣ ಪಡೆಯುವವರು ಮಾತ್ರ, ಅಷ್ಟರಿಂದಲೇ ವಾರಸುದಾರರಾಗುವುದಿಲ್ಲ.
• ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸಿ.
• 65 ತುಂಬಿದವರು ಸಂಧ್ಯಾ ಸುರಕ್ಷಾ ವೇತನಕ್ಕೆ, ಅಂಗವಿಕಲರು ತಮ್ಮ ಮಾಸಾಶನಕ್ಕೆ ನಾಡಕಚೇರಿಯಲ್ಲಿ ವಿಚಾರಿಸಿ. ಆದಾಯದ ಮಿತಿ ಇದೆ.
• ವಕೀಲರ ಶುಲ್ಕಕ್ಕೆ ಹೆದರಬೇಡಿ. ಮಹಿಳೆಯರಿಗೆ, ಅಂಗವಿಕಲರಿಗೆ, ಪರಿಶಿಷ್ಟರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ನೆರವು ಉಚಿತ.

ಷರತ್ತು ಬರೆಸುವುದು ಮಗನ ಮೇಲಿನ ಅಪನಂಬಿಕೆಯಲ್ಲ. ಡೇರಿಯಲ್ಲಿ ಪ್ರತಿದಿನ ಹಾಲಿನ ಜಿಡ್ಡು ಅಳೆಯುತ್ತಾರೆ. ಅದರಿಂದ ಯಾರ ಮಾನವೂ ಹೋಗುವುದಿಲ್ಲ, ಎಲ್ಲರ ಲೆಕ್ಕವೂ ಸರಿಯಾಗಿರುತ್ತದೆ. ಮಕ್ಕಳನ್ನೆಲ್ಲ ಕೂರಿಸಿಕೊಂಡು ಮಾತನಾಡಿ, ಪತ್ರವನ್ನು ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ.