ಹದಿಹರೆಯದ ಮಕ್ಕಳು: ಚಲನಚಿತ್ರಗಳಿಂದ ತಂದೆತಾಯಿಗಳು ತಿಳಿಯಬಹುದಾದುದೇನು?



ಹಿಂದೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಎದ್ದಿತೆಂದರೆ ಸುತ್ತಲಿನ ಹಳ್ಳಿಗಳ ಜನರು ಗಾಡಿ ಕಟ್ಟಿಕೊಂಡು ಹೋಗಿ ಚಿತ್ರ ನೋಡಿ ಬರುತ್ತಿದ್ದರು. ಇಂದು ಅದೇ ಚಿತ್ರಗಳು ಮನೆಯ ಟಿ.ವಿ.ಯಲ್ಲಿಯೂ ಮಕ್ಕಳ ಅಂಗೈಯ ಮೊಬೈಲಿನಲ್ಲಿಯೂ ದೊರೆಯುತ್ತವೆ. ತೆರೆಯ ಮೇಲೆ ಮುಂಗೋಪಿ ಹುಡುಗನೊಬ್ಬನನ್ನು ಕಂಡಾಗ ನಾವು ಅವನಿಗಾಗಿ ಮರುಗುತ್ತೇವೆ. ಅದೇ ಸ್ವಭಾವದ ಮಗ ನಮ್ಮ ಮನೆಯಲ್ಲಿದ್ದರೆ ಮಾತ್ರ ಅವನನ್ನು ‘ಕೆಟ್ಟುಹೋದವನು’ ಎಂದು ದೂರುತ್ತೇವೆ. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಹದಿಹರೆಯದ ಸ್ವಭಾವ

ಹತ್ತರಿಂದ ಹತ್ತೊಂಬತ್ತು ವರ್ಷಗಳವರೆಗಿನ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಕರೆಯುತ್ತದೆ. ಈ ಅವಧಿಯಲ್ಲಿ ದೇಹವು ತೀವ್ರವಾಗಿ ಬೆಳೆಯುತ್ತದೆ. ಹುಡುಗರ ಧ್ವನಿ ಒಡೆಯುತ್ತದೆ. ಹುಡುಗಿಯರಲ್ಲಿ ಋತುಸ್ರಾವ ಆರಂಭವಾಗುತ್ತದೆ. ಭಾವನೆಗಳು ಬಲಗೊಳ್ಳುತ್ತವೆ. ಆದರೆ ಹಿಂದುಮುಂದು ನೋಡಿ ನಿರ್ಧರಿಸುವ ಶಕ್ತಿಗೆ ಆಧಾರವಾದ ಮೆದುಳಿನ ಭಾಗವು ಪೂರ್ಣವಾಗಿ ಬಲಿಯಲು ಇಪ್ಪತ್ತು ವರ್ಷಗಳು ದಾಟಿದ ಮೇಲೂ ಕೆಲವು ವರ್ಷಗಳು ಬೇಕು. ಆದುದರಿಂದ ಈ ವಯಸ್ಸಿನಲ್ಲಿ ಕೋಪ, ನಾಚಿಕೆ, ಅವಮಾನಗಳು ಬೇಗನೆ ತಾಗುವುದು ಸಹಜ.

ರಾಮಾಚಾರಿಯ ಕಥೆ

ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ಚಿತ್ರವು 1972ರಲ್ಲಿ ತೆರೆಕಂಡಿತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಈ ಕಥೆ ನಡೆಯುವುದು ಚಿತ್ರದುರ್ಗದಲ್ಲಿ. ವಿಷ್ಣುವರ್ಧನ್ ಅಭಿನಯಿಸಿದ ರಾಮಾಚಾರಿ ಕಾಲೇಜು ವಿದ್ಯಾರ್ಥಿ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದು ಪ್ರಾಂಶುಪಾಲರಿಂದ ಅವಮಾನಿತನಾದ ಅವನು, ಸೇಡು ತೀರಿಸಿಕೊಳ್ಳಲು ರಾತ್ರಿಯ ಹೊತ್ತು ಅವರನ್ನು ಕಂಬಕ್ಕೆ ಕಟ್ಟಿಹಾಕುತ್ತಾನೆ. ಊರಿನವರಿಗೆ ಅವನು ಪುಂಡ. ತಂದೆಗೂ ಅವನ ಮೇಲೆ ಅಸಮಾಧಾನ. ಮಗನ ಮನಸ್ಸು ಒಳ್ಳೆಯದೆಂದು ನಂಬಿದ ತಾಯಿ ಇಬ್ಬರ ನಡುವೆ ನೋಯುತ್ತಾಳೆ.

ಈ ಹುಡುಗ ತಲೆಬಾಗುವುದು ಒಬ್ಬರಿಗೆ ಮಾತ್ರ. ಅವರು ಅವನಿಗೆ ಬಾಲ್ಯದಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರು. ಕೆ.ಎಸ್. ಅಶ್ವಥ್ ಅವರು ಈ ಪಾತ್ರದಲ್ಲಿ ಅಭಿನಯಿಸಿದ್ದಾರೆ. ಮೇಷ್ಟ್ರು ಅವನನ್ನು ಸ್ವಂತ ಮಗನಂತೆ ಪ್ರೀತಿಸುತ್ತಾರೆ. ದಂಡನೆಗೆ ಬಗ್ಗದವನು ಪ್ರೀತಿಗೆ ಬಗ್ಗುವುದನ್ನು ಇಲ್ಲಿ ಕಾಣುತ್ತೇವೆ. ಇದು ತಂದೆತಾಯಿಗಳು ಗಮನಿಸಬೇಕಾದ ಮೊದಲನೆಯ ಅಂಶ.

ಎರಡನೆಯ ಅಂಶ ಇದಕ್ಕಿಂತ ಮುಖ್ಯವಾದುದು. ರಾಮಾಚಾರಿ ಮತ್ತು ಅಲಮೇಲು ಪರಸ್ಪರ ಒಲಿಯುತ್ತಾರೆ. ಕುಲಾಚಾರದ ಕಾರಣ ಮುಂದಿಟ್ಟು ಮೇಷ್ಟ್ರು ಅವನನ್ನು ಹಿಂದೆ ಸರಿಯುವಂತೆ ಒಪ್ಪಿಸುತ್ತಾರೆ. ಅವರ ಮಾತಿನ ಮೇಲಿನ ಗೌರವದಿಂದ ಅವನು ಒಪ್ಪುತ್ತಾನೆ. ಅಲಮೇಲುವಿಗೆ ಬೇರೆಡೆ ವಿವಾಹವಾಗುತ್ತದೆ. ಕೈಹಿಡಿದ ಗಂಡನೇ ಅವಳನ್ನು ವೇಶ್ಯಾವೃತ್ತಿಗೆ ದೂಡುತ್ತಾನೆ. ಇದನ್ನು ಕಂಡ ಮೇಲೆ ರಾಮಾಚಾರಿಗೆ ಗುರುವಿನ ಮೇಲಿದ್ದ ನಂಬಿಕೆ ಅಲುಗುತ್ತದೆ. ಮುಂದೆ ಅವನು ಕ್ರೈಸ್ತ ಯುವತಿ ಮಾರ್ಗರೆಟ್‌ಳನ್ನು ಪ್ರೀತಿಸಿದಾಗಲೂ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಕಥೆಯು ದುರಂತದಲ್ಲಿ ಕೊನೆಗಾಣುತ್ತದೆ. ಮೇಷ್ಟ್ರು ದುಷ್ಟರಲ್ಲ, ಅವರ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆದರೆ ಆ ಪ್ರೀತಿಯು ಎಳೆಯರಿಂದ ವಿಧೇಯತೆಯನ್ನು ಬಯಸಿತೇ ಹೊರತು ಅವರ ಮನಸ್ಸನ್ನು ಕೇಳಿ ತಿಳಿಯಲಿಲ್ಲ.

ಅನುಕರಿಸಬಾರದ ಸಂಗತಿಗಳು

ಚಿತ್ರವು ಮೂರು ಗಂಟೆಗಳಲ್ಲಿ ಒಂದು ಬಾಳನ್ನು ಹೇಳಿ ಮುಗಿಸಬೇಕಾಗುತ್ತದೆ. ಆದುದರಿಂದ ಕೆಲವು ಸಂಗತಿಗಳನ್ನು ಹಿಗ್ಗಿಸಿ ತೋರಿಸುತ್ತದೆ. ಕೋಪವು ತೆರೆಯ ಮೇಲೆ ಶೌರ್ಯದಂತೆ ಕಾಣುತ್ತದೆ. ಊರಿನಲ್ಲಿ ಅದೇ ಕೋಪ ಜಗಳಕ್ಕೂ ಪೊಲೀಸ್ ಠಾಣೆಗೂ ದಾರಿಯಾಗುತ್ತದೆ. ತೆರೆಯ ಮೇಲೆ ಸಾವು ಪ್ರೀತಿಯ ಸಾರ್ಥಕತೆಯಂತೆ ತೋರುತ್ತದೆ. ಮನೆಯಲ್ಲಿ ಅದು ಎಂದೂ ತುಂಬದ ನಷ್ಟ. ಇಂತಹ ಚಿತ್ರವನ್ನು ಮಕ್ಕಳೊಡನೆ ನೋಡಿದರೆ, ಮುಗಿದ ಮೇಲೆ “ಇವನಿಗೆ ಬೇರೆ ಯಾವ ದಾರಿಗಳಿದ್ದವು? ಯಾರೊಡನೆ ಮಾತನಾಡಬಹುದಿತ್ತು?” ಎಂದು ಅವರನ್ನು ಕೇಳಿರಿ. ಅವರ ಉತ್ತರದಲ್ಲಿ ಅವರ ಸ್ವಂತ ಮನಸ್ಸೂ ತಿಳಿದುಬರುತ್ತದೆ.

ಹೊರಗಿಡಲ್ಪಟ್ಟವರು

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಚಿತ್ರ. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ದೊರೆಯಿತು. ವೇದಪಾಠ ಕಲಿಯಲು ಬಂದ ಬಾಲಕ ನಾಣಿಗೆ ಗುರುಗಳ ವಿಧವೆ ಮಗಳು ಯಮುನಕ್ಕ ತಾಯಿಯಂತೆ ಆಸರೆಯಾಗುತ್ತಾಳೆ. ಅವಳು ಗರ್ಭಿಣಿಯಾದ ಸುದ್ದಿ ತಿಳಿದೊಡನೆ ಊರು ಅವಳಿಗೆ ಬಹಿಷ್ಕಾರ ಹಾಕುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಅವಳ ಬಗ್ಗೆ ಕೊನೆಯವರೆಗೂ ಕನಿಕರವಿಡುವವನು ಆ ಬಾಲಕ.

ಪ್ರೇಕ್ಷಕರಾದ ನಾವೂ ನಾಣಿಯ ಕಣ್ಣಿನಿಂದಲೇ ಯಮುನೆಯನ್ನು ನೋಡುತ್ತೇವೆ. ಆದುದರಿಂದಲೇ ಅವಳು ನಮಗೆ ಪರಕೀಯಳೆನಿಸುವುದಿಲ್ಲ. ಇದಕ್ಕೆ ಹೋಲಿಸಿದರೆ ‘ನಾಗರಹಾವು’ ಚಿತ್ರದ ಜಲೀಲನನ್ನು ನಾವು ಬೀದಿಯಲ್ಲಿ ಹುಡುಗಿಯರನ್ನು ಕಾಡುವವನೆಂದಷ್ಟೇ ಬಲ್ಲೆವು. ಅವನು ಮಾಡಿದ್ದು ತಪ್ಪೇ. ಆದರೂ ಯಾರ ಮನೆಯ ಬಾಗಿಲು ನಮಗೆ ತೆರೆಯುವುದಿಲ್ಲವೋ ಅವರನ್ನು ಕೆಟ್ಟವರೆಂದು ತೀರ್ಮಾನಿಸುವುದು ಸುಲಭವೆಂಬುದನ್ನು ಮರೆಯಬಾರದು. ಒಬ್ಬರ ಬದುಕನ್ನು ಹತ್ತಿರದಿಂದ, ತಾಳ್ಮೆಯಿಂದ ನೋಡಿದಾಗ ತಿಳಿವಳಿಕೆ ಹುಟ್ಟುತ್ತದೆ. ಪಾಠದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದೇ ಆಗಿದೆ: ತೆರೆಯ ಮೇಲಿನ ಹುಡುಗನಿಗೆ ಮೂರು ಗಂಟೆಗಳ ಕಾಲ ಕೊಡುವ ಗಮನವನ್ನು ಮನೆಯ ಹುಡುಗನಿಗೆ ನಾವು ಕೊಡುವುದಿಲ್ಲ.

ನಂಬಿಕೆಯ ಫಲ

‘ಬೆಟ್ಟದ ಹೂವು’ (1985) ಚಿತ್ರದ ಬಡ ಬಾಲಕ ರಾಮುವಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳುವ ಹಂಬಲ. ಕಾಡಿನ ಹೂಗಳನ್ನು ಆರಿಸಿ ಮಾರಿ ಹಣ ಕೂಡಿಸುತ್ತಾನೆ. ಆದರೆ ಕೊನೆಗೆ ಆ ಹಣದಿಂದ ಮನೆಯವರಿಗಾಗಿ ಕಂಬಳಿ ಕೊಂಡು ತರುತ್ತಾನೆ. ಈ ಪಾತ್ರಕ್ಕಾಗಿ ಪುನೀತ್ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು. ಮನೆಯ ಕಷ್ಟಸುಖವನ್ನು ಮಕ್ಕಳು ನಾವು ತಿಳಿದುದಕ್ಕಿಂತ ಹೆಚ್ಚಾಗಿ ಬಲ್ಲರು. ಅವರ ತ್ಯಾಗವನ್ನು ಮೆಚ್ಚಬೇಕು. ಹಾಗೆಯೇ, ಮಗುವಿನ ಪುಸ್ತಕ ಮತ್ತು ಮನೆಯ ಕಂಬಳಿಗಳಲ್ಲಿ ಒಂದನ್ನು ಬಿಡಬೇಕಾದ ಸ್ಥಿತಿ ಬಾರದಂತೆ, ಎಷ್ಟು ಮಕ್ಕಳು ಬೇಕು, ಎಷ್ಟು ಅಂತರದಲ್ಲಿ ಬೇಕು ಎಂಬುದನ್ನು ಪತಿ ಪತ್ನಿಯರು ಕೂಡಿ ಯೋಚಿಸುವುದು ಹಿತಕರ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

1. ದಿನಕ್ಕೊಮ್ಮೆಯಾದರೂ ಮಕ್ಕಳೊಡನೆ ಕುಳಿತು ಊಟ ಮಾಡಿರಿ. ಆ ಹೊತ್ತಿನಲ್ಲಿ ಅಂಕಗಳ ಲೆಕ್ಕವನ್ನಾಗಲಿ ದೂರುಗಳನ್ನಾಗಲಿ ಎತ್ತಬೇಡಿರಿ.

2. ತಪ್ಪು ಮಾಡಿದಾಗ ತಪ್ಪನ್ನು ತಿಳಿಸಿಹೇಳಿರಿ. ನಾಲ್ಕು ಜನರ ಎದುರಿಗೆ ಹಳಿಯುವುದು, ಹೊಡೆಯುವುದು ಸಲ್ಲದು.

3. ತಂದೆ ಗದರಿಸುವುದು, ತಾಯಿ ಮರೆಮಾಚುವುದು ಎಂಬ ಪದ್ಧತಿಯನ್ನು ಬಿಡಿರಿ. ಇಬ್ಬರೂ ಮೊದಲು ಮಾತನಾಡಿಕೊಂಡು ಒಂದೇ ಮಾತನ್ನು ಹೇಳಿರಿ.

4. ಹುಡುಗಿಗೆ 18, ಹುಡುಗನಿಗೆ 21 ವರ್ಷಗಳು ತುಂಬುವ ಮೊದಲು ವಿವಾಹ ಮಾಡುವುದು ಕಾನೂನಿಗೆ ವಿರುದ್ಧ. ವಯಸ್ಸು ತುಂಬಿದ ಮೇಲೂ ಅವರ ಒಪ್ಪಿಗೆಯಿಲ್ಲದೆ ವಿವಾಹ ನಿಶ್ಚಯಿಸಬೇಡಿರಿ.

5. ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಹಿರಿಯರು ಇಟ್ಟುಕೊಳ್ಳಿರಿ. ದುಡುಕಿನ ಒಂದು ಗಳಿಗೆಯಲ್ಲಿ ಈ ಎಚ್ಚರಿಕೆಯೇ ಪ್ರಾಣ ಉಳಿಸಬಹುದು.

ಸಹಾಯ ದೊರೆಯುವ ಸ್ಥಳಗಳು

ಮಗನಾಗಲಿ ಮಗಳಾಗಲಿ ಹಲವು ದಿನಗಳಿಂದ ಊಟ ನಿದ್ರೆ ಬಿಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ, ಬದುಕಿನ ಮೇಲೆ ಬೇಸರದ ಮಾತನಾಡುತ್ತಿದ್ದರೆ ಅದನ್ನು ನಟನೆಯೆಂದು ತಳ್ಳಿಹಾಕಬಾರದು. “ಸಾಯಬೇಕೆಂದು ಅನಿಸುತ್ತಿದೆಯೇ?” ಎಂದು ಮೃದುವಾಗಿ ಕೇಳುವುದರಿಂದ ಅಪಾಯವಿಲ್ಲ, ಮನಸ್ಸಿನ ಭಾರ ಇಳಿಯುತ್ತದೆ. ಅಂತಹ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಕಾಣಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಪತಿ ಪತ್ನಿಯರು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮಕ್ಕಳು ತಪ್ಪು ಮಾಡಿದಾಗ ಮೊದಲು ಯಾರ ಬಳಿಗೆ ಹೋಗುತ್ತಾರೆ? ನಮ್ಮ ಬಳಿಗೆ ಬಾರದಿದ್ದರೆ ಏಕೆ?

2. ಕಳೆದ ಒಂದು ವಾರದಲ್ಲಿ ಅವರ ಮಾತನ್ನು ನಡುವೆ ತಡೆಯದೆ ಎಷ್ಟು ಸಲ ಕೇಳಿದ್ದೇವೆ?

3. ಚಾಮಯ್ಯ ಮೇಷ್ಟ್ರು ಅಲಮೇಲುವನ್ನೂ ರಾಮಾಚಾರಿಯನ್ನೂ ಕೂರಿಸಿಕೊಂಡು ಅವರ ಮನಸ್ಸನ್ನು ಕೇಳಿದ್ದರೆ ಕಥೆ ಹೇಗೆ ಸಾಗುತ್ತಿತ್ತು?